ನಮ್ಮ ಮನೆಯಲ್ಲಿ ಇಬ್ಬರು ದಾದಿಯರು

ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡದಲ್ಲಿ ದಾದಿ ಎಂದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು. ಹಾಗಾಗಿ ಆಪಾ ನರ್ಸಿಂಗ್ ಸೇರಿದ ದಿನದಿಂದ ನಮ್ಮ ಮನೆಯಲ್ಲಿ ಇಬ್ಬರು ದಾದಿಯರು. ಒಬ್ಬರಿಗೆ 72 ವರ್ಷ, ಇನ್ನೊಬ್ಬಳಿಗೆ 19.

ಆಪಾ ಪಿಯುಸಿ ಓದಿದ್ದು ನಮ್ಮ ಕಾಲೇಜಿನಲ್ಲೇ, ಅದೂ ಕಾಮರ್ಸ್. ಈಗ ಜಿ.ಎನ್.ಎಂ. ಮೊದಲ ವರ್ಷ ಮುಗಿಸಿದ್ದಾಳೆ. ಜಿ.ಎನ್.ಎಂ. ಎಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಸೇರುವಾಗ ನಮ್ಮ ಖಾಲಾ, "ಎರಡು ವರ್ಷ ಓದಿದ ಅಕೌಂಟೆನ್ಸಿ ನೀರುಪಾಲಾಯ್ತು" ಎಂದರು. ಅವರು ಹೇಳಿದ್ದು ಒಂದು ರೀತಿಯಲ್ಲಿ ನಿಜ. ಅವಳ ಅಕೌಂಟೆನ್ಸಿ ಈಗ ನೀರಿನ ಲೆಕ್ಕಕ್ಕೇ ಬಳಕೆಯಾಗುತ್ತಿದೆ. ಅದನ್ನು ವಿವರಿಸುವುದಕ್ಕೇ ಈ ಲೇಖನ.

ನರ್ಸಿಂಗ್ ಎಂದರೆ ಮೊದಲ ದಿನವೇ ಕೈಗೆ ಸಿರಿಂಜ್ ಕೊಡುತ್ತಾರೆ ಎಂದು ನಾನು ತಿಳಿದಿದ್ದೆ. ಆಪಾಳಿಗೆ ಕೊಟ್ಟದ್ದು ಬೆಡ್‌ಶೀಟ್. ಹಾಸಿಗೆ ಹಾಸುವುದರಲ್ಲೇ ಎಷ್ಟೋ ವಿಧ ಇವೆಯಂತೆ: ಖಾಲಿ ಹಾಸಿಗೆ, ಆಪರೇಷನ್ ಮುಗಿಸಿ ಬರುವವರ ಹಾಸಿಗೆ, ಹೃದಯದ ತೊಂದರೆ ಇರುವವರ ಹಾಸಿಗೆ. ಎಲ್ಲಕ್ಕಿಂತ ಕಷ್ಟದ್ದು ರೋಗಿ ಮಲಗಿರುವಾಗಲೇ ಅವರನ್ನು ಪಕ್ಕಕ್ಕೆ ಹೊರಳಿಸಿ ಕೆಳಗಿನ ಶೀಟ್ ಬದಲಿಸುವುದು. ಅಭ್ಯಾಸಕ್ಕಾಗಿ ಒಬ್ಬಳು ರೋಗಿಯಾಗಿ ಮಲಗಬೇಕು. ಆಪಾಳ ಗೆಳತಿಯೊಬ್ಬಳು ಹಾಗೆ ಮಲಗಿದವಳು ನಿಜವಾಗಿಯೂ ನಿದ್ದೆ ಹೋದಳು. ಆ ಬ್ಯಾಚಿಗೆ ಅಂದು ಒಳ್ಳೆಯ ಮಾರ್ಕ್ಸ್ ಬಂತು. ರೋಗಿಗೆ ಎಚ್ಚರವಾಗದಂತೆ ಶೀಟ್ ಬದಲಿಸಿದ್ದಾರೆ ಎಂದು ಮೇಡಂ ಮೆಚ್ಚಿದರಂತೆ.

ಇಷ್ಟೊಂದು ಶಿಸ್ತು ಯಾಕೆ ಎಂದರೆ, ಅಲುಗಾಡಲಾಗದೆ ಮಲಗಿರುವವರಿಗೆ ಶೀಟಿನ ಒಂದು ಸುಕ್ಕು ಕೂಡ ಚರ್ಮವನ್ನು ಒತ್ತುತ್ತದೆ. ಒಂದೇ ಕಡೆ ಒತ್ತುತ್ತಿದ್ದರೆ ಅಲ್ಲಿ ರಕ್ತ ಓಡಾಡದೆ ಹುಣ್ಣಾಗುತ್ತದೆ. ಅದಕ್ಕೇ ಶೀಟನ್ನು ಬಿಗಿಯಾಗಿ ಎಳೆದು ಮೂಲೆಗಳನ್ನು ಓರೆಯಾಗಿ ಮಡಚಿ ಸಿಕ್ಕಿಸುವುದು. ರಜೆಗೆ ಬಂದಾಗ ಆಪಾ ಅಬ್ಬಾನ ಹಾಸಿಗೆಯನ್ನೂ ಹೊದಿಕೆ ಸಮೇತ ಹಾಗೇ ಬಿಗಿದಳು. ಅಬ್ಬಾ ಒಳಗೆ ತೂರಿ ಮಲಗಿದರು, ಲಕೋಟೆಯೊಳಗಿನ ಕಾಗದದ ಹಾಗೆ. ಬೆಳಿಗ್ಗೆ ಕಾಲು ಬಿಡಿಸಿಕೊಳ್ಳಲು ಅಮ್ಮಿಯನ್ನು ಕರೆಯಬೇಕಾಯಿತು.

ಉಸಿರು ಎಣಿಸುವ ವಿಧಾನ ನನಗೆ ತುಂಬ ಇಷ್ಟವಾಯಿತು. ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20 ಇರಬೇಕು. ನಾಡಿಯನ್ನು ಹೇಳಿ ಎಣಿಸಬಹುದು. ಉಸಿರನ್ನು ಮಾತ್ರ ಹೇಳದೆ ಎಣಿಸಬೇಕು. "ನಿಮ್ಮ ಉಸಿರು ನೋಡ್ತೀನಿ" ಎಂದ ಕೂಡಲೇ ಯಾರೇ ಆದರೂ ಬೇರೆ ರೀತಿ ಉಸಿರಾಡಲು ಶುರು ಮಾಡುತ್ತಾರೆ. (ಇದನ್ನು ಓದುತ್ತಿರುವ ನೀವೂ ಈಗ ಹಾಗೇ ಮಾಡುತ್ತಿದ್ದೀರಿ.) ಅದಕ್ಕೆ ನರ್ಸ್‌ಗಳು ನಾಡಿ ನೋಡಿ ಮುಗಿದ ಮೇಲೂ ಕೈ ಹಿಡಿದೇ ಇದ್ದು, ಸದ್ದಿಲ್ಲದೆ ಎದೆಯ ಏರಿಳಿತ ಎಣಿಸುತ್ತಾರೆ. ನಮ್ಮ ದಾದಿ ಮೂರು ತಿಂಗಳು "ಈ ಹುಡುಗಿಗೆ ನಾಡಿ ನೋಡೋಕೆ ಎಷ್ಟು ಹೊತ್ತು ಬೇಕು" ಎಂದು ಬೈಯುತ್ತಿದ್ದರು.

ಡ್ರಿಪ್ ವಿಷಯವೂ ಲೆಕ್ಕವೇ. 500 ಮಿಲಿ ಬಾಟಲಿಯನ್ನು 4 ಗಂಟೆಯಲ್ಲಿ ಮುಗಿಸಬೇಕು, ಸೆಟ್‌ನಲ್ಲಿ ಒಂದು ಮಿಲಿಗೆ 20 ಹನಿ ಎಂದಿಟ್ಟುಕೊಳ್ಳಿ. ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ ಬೀಳುವಂತೆ ಗಡಿಯಾರ ನೋಡುತ್ತ ಸರಿಪಡಿಸಬೇಕು. ಆಪಾ ಎಣಿಸುವಾಗ ತುಟಿ ಅಲ್ಲಾಡಿಸುತ್ತಾಳೆ. ಪಕ್ಕದ ಬೆಡ್ಡಿನ ಅಮ್ಮ ಒಬ್ಬರು ನಾಲ್ಕು ದಿನ ನೋಡಿ, "ಅದೇನು ಮಂತ್ರ ಹೇಳ್ತೀಯವ್ವ, ನಂಗೂ ಒಂಚೂರು ಹೇಳು" ಎಂದು ಕೇಳಿದರಂತೆ.

ಭಾಷೆಯ ಕಷ್ಟ ಬೇರೆ. ಕನ್ನಡದಲ್ಲಿ ನೂರಕ್ಕೆ ತೊಂಬತ್ತು ತೆಗೆದವಳು ಆಪಾ. ಆದರೆ ಪಠ್ಯಪುಸ್ತಕದಲ್ಲಿ ಯಾರೂ "ಎರಡಕ್ಕೆ ಹೋಗಿ ಮೂರು ದಿನ ಆಯ್ತು" ಎನ್ನುವುದಿಲ್ಲ. ಎರಡನೇ ವಾರ್ಡಿಗೆ ಹೋಗಿ ಮೂರು ದಿನವಾಯಿತು ಎಂದು ಇವಳು ಅರ್ಥ ಮಾಡಿಕೊಂಡಳು. ಇನ್ನೊಬ್ಬರು ಬೆನ್ನು ಹಿಡಿದುಕೊಂಡು, "ಸಿಸ್ಟರೇ, ಉಸಿರು ಹಿಡ್ಕೊಂಡೈತೆ" ಎಂದರು. ಇವಳು ಆಕ್ಸಿಜನ್ ಸಿಲಿಂಡರ್ ಕಡೆ ಓಡಿದಳು. ಆ ಮನುಷ್ಯ ಆರಾಮಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಸ್ನಾಯು ಹಿಡಿದುಕೊಂಡು ನೋವಾದರೆ ಹಾಗೆ ಹೇಳುತ್ತಾರೆ ಎಂದು ಸ್ಟಾಫ್ ನರ್ಸ್ ಒಬ್ಬರು ನಗುತ್ತ ತಿಳಿಸಿದರು. ನಮ್ಮ ದಖನಿಯೂ ಏನು ಕಡಿಮೆಯಿಲ್ಲ. ಎದೆಯುರಿಗೆ ನಾವು "ಕಲೇಜಾ ಜಲ್‌ರಾ" ಎನ್ನುತ್ತೇವೆ, ಅಂದರೆ ಪಿತ್ತಜನಕಾಂಗವೇ ಸುಡುತ್ತಿದೆ ಎಂದು.

ಇನ್ನು ನಮ್ಮ ಕಾಮರ್ಸ್ ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗ. ವಾರ್ಡಿನಲ್ಲಿ ಇಂಟೇಕ್-ಔಟ್‌ಪುಟ್ ಚಾರ್ಟ್ ಎಂದು ಒಂದು ಹಾಳೆ ಇರುತ್ತದೆ. ಒಂದು ಕಡೆ ರೋಗಿಯ ದೇಹಕ್ಕೆ ಹೋದ ದ್ರವ: ನೀರು, ಕಾಫಿ, ಗಂಜಿ, ಡ್ರಿಪ್. ಇನ್ನೊಂದು ಕಡೆ ಹೊರಬಂದದ್ದು: ಮೂತ್ರ, ವಾಂತಿ, ಭೇದಿ. ಎಲ್ಲವೂ ಮಿಲಿ ಲೆಕ್ಕದಲ್ಲಿ. ಇಡ್ಲಿ ಬರೆಯುವಂತಿಲ್ಲ, ತಿಳಿಸಾರು ಬರೆಯಬೇಕು. ಬೈಟು ಕಾಫಿ ಎಷ್ಟು ಮಿಲಿ? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಆದ್ದರಿಂದ ಮನೆಯವರು ತಂದ ಸ್ಟೀಲ್ ಲೋಟಕ್ಕೆ ಮೊದಲ ದಿನವೇ ನೀರು ತುಂಬಿ ಅಳೆದಿಟ್ಟುಕೊಳ್ಳುತ್ತಾರೆ. ಬೆವರು ಮತ್ತು ಉಸಿರಿನಲ್ಲಿ ಹೋಗುವ ನೀರನ್ನು ಅಳೆಯಲಾಗುವುದಿಲ್ಲ. ಅದು ನಮ್ಮ ಸವಕಳಿಯ ಹಾಗೆ, ಕಣ್ಣಿಗೆ ಕಾಣದಿದ್ದರೂ ನಷ್ಟವೇ. ತಪ್ಪು ಬರೆದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು ಸಹಿ ಹಾಕಬೇಕು. ಬರೆಯದೇ ಇದ್ದರೆ ಕೆಲಸ ಮಾಡಿಯೇ ಇಲ್ಲ ಎಂದು ಲೆಕ್ಕ.

ಈ ಹಾಳೆ ಎಷ್ಟು ಮುಖ್ಯ ಎಂದು ಆಪಾಳಿಗೆ ಗೊತ್ತಾದದ್ದು ಒಬ್ಬ ಅಜ್ಜನಿಂದ. ಹೃದಯದ ತೊಂದರೆಯಿಂದ ಕಾಲು ಊದಿಕೊಂಡು ದಾಖಲಾಗಿದ್ದರು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ದ್ರವ ಕೊಡಬಾರದು ಎಂದು ಡಾಕ್ಟರ್ ಬರೆದಿದ್ದರು. ಚಾರ್ಟಿನ ಪ್ರಕಾರ ಒಳಗೆ ಹೋದದ್ದು 900 ಮಿಲಿ, ಹೊರಬಂದದ್ದು 1,100. ಹಾಗಾದರೆ ತೂಕ ಇಳಿಯಬೇಕು. ಬೆಳಿಗ್ಗೆ ತೂಗಿದರೆ ಒಂದು ಕಿಲೋ ಏರಿದೆ! ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ರಾತ್ರೋರಾತ್ರಿ ಯಾರಿಗೂ ಒಂದು ಕಿಲೋ ಕೊಬ್ಬು ಬರುವುದಿಲ್ಲ. ತಾಳೆಪಟ್ಟಿ ಹೊಂದದಿದ್ದಾಗ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಆಮೇಲೆ ಹುಡುಕುತ್ತೇವೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಆಪಾ ಅಜ್ಜಿಯ ಪಕ್ಕ ಕೂತು, ಊರು, ಮಕ್ಕಳು, ಎಮ್ಮೆ ಎಲ್ಲ ವಿಚಾರಿಸಿ ಕೊನೆಗೆ, "ಅಜ್ಜಿ, ಅಜ್ಜಂಗೆ ನೀರು ಏನಾದ್ರೂ ಕೊಟ್ರಾ?" ಎಂದು ಕೇಳಿದಳು.

"ಇಲ್ಲವ್ವ, ನೀರು ಕೊಡಬ್ಯಾಡ ಅಂದವ್ರೆ, ಒಂದ್ ತೊಟ್ಟೂ ಕೊಟ್ಟಿಲ್ಲ. ಮಜ್ಜಿಗೆ ಕೊಟ್ಟೀನಿ. ಉಪ್ಪು ಹಾಕಿ."

ಐದು ಲೋಟ. ಒಂದೊಂದು ಲೋಟ 220 ಮಿಲಿ. ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅದು ಬೇರೆ. ಆಪಾ ಸ್ಟಾಫ್ ನರ್ಸ್‌ಗೆ ಹೇಳಿದಳು, ಅವರು ರೌಂಡ್ಸಿನಲ್ಲಿ ಡಾಕ್ಟರಿಗೆ ಹೇಳಿದರು. ತೂಕ ನೋಡಿ ಮೂತ್ರ ಹೆಚ್ಚಿಸುವ ಔಷಧಿಯ ಪ್ರಮಾಣ ಏರಿಸಲು ಹೊರಟಿದ್ದ ಡಾಕ್ಟರ್ ಅಂದು ಏರಿಸಲಿಲ್ಲ. ಅಜ್ಜಿಗೆ ಯಾರೂ ಬೈಯಲಿಲ್ಲ. ನೀರು ಬೇಡ ಎಂದರೆ ಮಜ್ಜಿಗೆಯೂ ಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅಜ್ಜನ ಲೋಟಕ್ಕೆ ಆಪಾ ಪ್ಲಾಸ್ಟರಿನ ತುಂಡು ಅಂಟಿಸಿ 100 ಮಿಲಿಗೆ ಗುರುತು ಮಾಡಿಕೊಟ್ಟಳು. ಊರಿಗೆ ಹೋಗುವಾಗ ಅಜ್ಜಿ ಅದನ್ನೇ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಇದೆಲ್ಲ ಕೇಳಿದ ಮೇಲೆ ನಮ್ಮ ತರಗತಿಯ ಮೂವರು "ನಾವೂ ಸೇರಬಹುದಾ" ಎಂದು ಕೇಳಿದ್ದಾರೆ. ಸೇರಬಹುದು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಜಿ.ಎನ್.ಎಂ.ಗೆ ವಿಜ್ಞಾನದವರಿಗೆ ಆದ್ಯತೆ ಇದ್ದರೂ ಕಲಾ, ವಾಣಿಜ್ಯ ವಿಭಾಗದವರೂ ಅರ್ಹರು. ಇಂಗ್ಲಿಷ್ ಸೇರಿದಂತೆ ಪಿಯುಸಿಯಲ್ಲಿ ಶೇ. 40 ಅಂಕ ಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ ಕಾಮರ್ಸಿನವರಿಗೆ ಕಷ್ಟವಾಗುತ್ತದೆ, ಆಪಾ ಎರಡು ತಿಂಗಳು ಅತ್ತಿದ್ದಾಳೆ. ಹುಡುಗರೂ ಸೇರಬಹುದು, ಅವಳ ಬ್ಯಾಚಿನಲ್ಲಿ ಆರು ಜನ ಇದ್ದಾರೆ. ಫೀಸು ಕಟ್ಟುವ ಮೊದಲು ಆ ಸಂಸ್ಥೆಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಕಲಿಯಲು ಕಳಿಸುವ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳು ಇದ್ದಾರೆಯೇ ಎಂದು ಹೋಗಿ ನೋಡಿಕೊಂಡು ಬನ್ನಿ.