ಕಣ್ಣು ಮುಚ್ಚಿದ ಪಟವೂ ಇರಲಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮನೆಯಲ್ಲಿ ಕುಟುಂಬದ ಭಾವಚಿತ್ರಕ್ಕಿರುವ ಬೆಲೆಯು ಊರಿನಲ್ಲಿಯೇ ಉಳಿದವರಿಗೆ ಸುಲಭವಾಗಿ ತಿಳಿಯಲಾರದು. ದಿನ ಬೆಳಗಾದರೆ ಒಂದೇ ಚಾವಡಿಯಲ್ಲಿ ಕೂಡುವವರಿಗೆ ಪಟದ ಅವಶ್ಯಕತೆಯಾದರೂ ಏನು? ಹಿರಿಯ ಮಗ ಬಡೋದೆಯ ಫತೇಗಂಜಿನಲ್ಲಿ, ಎರಡನೆಯವನು ಅಹಮದಾಬಾದಿನ ಕಚೇರಿಯಲ್ಲಿ, ಕಿರಿಯವನು ಸೂರತಿನ ಹೋಟೇಲಿನಲ್ಲಿ, ತಾಯಿಯು ಕುಂದಾಪುರದ ಮನೆಯಲ್ಲಿ ಇರುವಂತಹ ಸಂಸಾರಕ್ಕಾದರೋ ಎಲ್ಲರೂ ಜೊತೆಯಾಗಿ ನಿಂತು ತೆಗೆಸಿದ ಪಟವೇ ಅವರೆಲ್ಲರೂ ಕೂಡಿರುವ ಏಕಮಾತ್ರ ಸ್ಥಳ.

ಅಂತಹ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಹಿರಿಯವನ ಗೃಹಪ್ರವೇಶಕ್ಕೆಂದು ಹನ್ನೆರಡು ಮಂದಿ ಫತೇಗಂಜಿನಲ್ಲಿ ಕೂಡಿದ್ದಾರೆ. ಛಾಯಾಗ್ರಾಹಕನು ಹತ್ತಾರು ಚಿತ್ರಗಳನ್ನು ತೆಗೆದು, ಆಲ್ಬಮ್ಮಿಗೆ ಬೇಕಾದವುಗಳನ್ನು ಆರಿಸಿಕೊಡಿರೆಂದು ಫೋನಿಗೆ ಕಳುಹಿಸಿದ್ದಾನೆ. ಹನ್ನೆರಡು ಮಂದಿಯೂ ಇರುವ ಚಿತ್ರ ಒಂದೇ ಒಂದು. ಅದರಲ್ಲಿ ತಾಯಿಯ ಕಣ್ಣು ಮುಚ್ಚಿದೆ. ಮಗುವೊಂದು ಮುಖ ತಿರುಗಿಸಿದೆ. ರಾತ್ರಿಯ ಕೆಲಸ ಮುಗಿಸಿ ರೈಲು ಹಿಡಿದು ಬಂದ ಕಿರಿಯವನ ಮುಖದಲ್ಲಿ ನಿದ್ರೆಗೆಟ್ಟ ಆಯಾಸ. “ಅತ್ತೆಯವರು ಚೆನ್ನಾಗಿ ಬಂದಿಲ್ಲ, ಇದನ್ನು ತೆಗೆದುಬಿಡೋಣ” ಎನ್ನುತ್ತಾಳೆ ಹಿರಿಯ ಸೊಸೆ. “ಅಮ್ಮ ಇನ್ನು ಯಾವಾಗ ಬರುತ್ತಾರೋ, ಇರಲಿ ಅತ್ತಿಗೆ” ಎನ್ನುತ್ತಾನೆ ಮೈದುನ. ಇಬ್ಬರ ಮಾತಿನಲ್ಲಿಯೂ ತಾಯಿಯ ಮೇಲಿನ ಪ್ರೀತಿಯೇ ಇದೆ. ಹಾಗಾದರೆ ಯಾರ ಮಾತನ್ನು ನಡೆಸಬೇಕು?

ಕಣ್ಣುರೆಪ್ಪೆಯ ಲೆಕ್ಕ

ಮೊದಲನೆಯದಾಗಿ, ಇಂತಹ ಪಟದಲ್ಲಿ ಯಾರ ತಪ್ಪೂ ಇರುವುದಿಲ್ಲ. ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಎಂಬ ವಿಜ್ಞಾನ ಸಂಸ್ಥೆಯ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಎಂಬುವರು ಇದನ್ನು ಲೆಕ್ಕ ಹಾಕಿ ನೋಡಿದರು. ಪಟಕ್ಕೆ ನಿಂತ ಮನುಷ್ಯನು ನಿಮಿಷಕ್ಕೆ ಸುಮಾರು 10 ಸಲ ಕಣ್ಣು ಮಿಟುಕಿಸುತ್ತಾನೆ. ಪ್ರತಿ ಸಲವೂ ರೆಪ್ಪೆಯು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಮುಚ್ಚಿರುತ್ತದೆ. ಆದುದರಿಂದ ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು 3ರಿಂದಲೂ ಮಂದ ಬೆಳಕಿನಲ್ಲಿ 2ರಿಂದಲೂ ಭಾಗಿಸಿ, ಬಂದಷ್ಟು ಚಿತ್ರಗಳನ್ನು ತೆಗೆಯಬೇಕು. ಆಗ ಎಲ್ಲರ ಕಣ್ಣೂ ತೆರೆದಿರುವ ಒಂದು ಚಿತ್ರವಾದರೂ ಬಹುಮಟ್ಟಿಗೆ ಸಿಕ್ಕೇ ಸಿಕ್ಕುತ್ತದೆ. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದು ಕೊಡುವ ಇಗ್ ನೊಬೆಲ್ ಬಹುಮಾನವು 2006ರಲ್ಲಿ ಈ ಲೆಕ್ಕಕ್ಕೆ ಸಂದಿತು. ನಮ್ಮ ಹನ್ನೆರಡು ಮಂದಿಗೆ ಹಗಲಿನಲ್ಲಿ 4, ಕೋಣೆಯ ಮಂದ ಬೆಳಕಿನಲ್ಲಿ 6 ಚಿತ್ರಗಳು ಬೇಕಾಗಿದ್ದವು. ಅಡಿಗೆ ಆರುತ್ತಿದೆಯೆಂಬ ಅವಸರದಲ್ಲಿ ಒಂದಕ್ಕೇ ಮುಗಿಸಿದರೆ ಯಾರದಾದರೊಬ್ಬರ ಕಣ್ಣು ಮುಚ್ಚಿದ್ದರೆ ಆಶ್ಚರ್ಯವಿಲ್ಲ. ಮುಂದಿನ ಸಲ ಕೂಡಿದಾಗ ಈ ಲೆಕ್ಕವು ನೆನಪಿನಲ್ಲಿರಲಿ.

ಹಿಂದಿನವರಿಗೆ ಈ ಆಯ್ಕೆಯ ತೊಂದರೆಯೇ ಇರಲಿಲ್ಲ. ಚೌಕ ಚಿತ್ರದ ಕ್ಯಾಮೆರಾಕ್ಕೆ ಹಾಕುತ್ತಿದ್ದ 120ರ ಫಿಲ್ಮ್ ಸುರುಳಿಯಲ್ಲಿ ಬರುತ್ತಿದ್ದುದೇ 12 ಚಿತ್ರಗಳು. ಒಂದೊಂದಕ್ಕೂ ಹಣ ತೆರಬೇಕಾಗಿತ್ತು. ಸ್ಟುಡಿಯೋದವನು ನೆಗೆಟಿವ್‌ನ ಮೇಲೆ ಸಪೂರ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದಬಲ್ಲವನಾಗಿದ್ದನೇ ಹೊರತು ಮುಚ್ಚಿದ ಕಣ್ಣನ್ನು ತೆರೆಸುವುದು ಸುಲಭವಿರಲಿಲ್ಲ. ಬಂದುದನ್ನೇ ಚೌಕಟ್ಟು ಹಾಕಿಸಿ ತೂಗುಹಾಕುತ್ತಿದ್ದರು.

ಬಡೋದೆಯ ಇಬ್ಬರು

ಫತೇಗಂಜಿನಿಂದ ದೂರವಿಲ್ಲದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಜ್ಯೋತಿ ಭಟ್ ಎಂಬ ಕಲಾವಿದರು 1960ರ ದಶಕದ ಉತ್ತರಾರ್ಧದಿಂದ ಕ್ಯಾಮೆರಾ ಹಿಡಿದು ಹಳ್ಳಿಗಳನ್ನು ಸುತ್ತಿದರು. ಹೆಂಗಸರು ಗೋಡೆಯ ಮೇಲೆ ಬರೆಯುವ ಚಿತ್ತಾರ, ಅಂಗಳದ ರಂಗೋಲಿ ಮುಂತಾದುವನ್ನು ಅವು ಅಳಿಸಿಹೋಗುವ ಮೊದಲೇ ಪಟದಲ್ಲಿ ಹಿಡಿದಿಟ್ಟರು. 2019ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅವರು ಕಂಡ ಎಷ್ಟೋ ಗೋಡೆಗಳು ಇಂದಿಲ್ಲ, ಪಟಗಳಿವೆ.

ಇನ್ನೊಬ್ಬರು, ಭಾರತದ ಪ್ರಥಮ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ. ಇವರು ತಮ್ಮ ಮುಪ್ಪಿನ ದಿನಗಳನ್ನು ಬಡೋದೆಯಲ್ಲಿ ಕಳೆದು 2012ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರ ಪ್ರಾರ್ಥನಾ ಸಭೆಗೆ ಹೊರಟಿದ್ದ ಅವರನ್ನು ಪತಿಯು ಹಿಂದಕ್ಕೆ ಕರೆದರಂತೆ. ನಾಳೆ ಹೋದರಾಯಿತು ಎಂಬ ಎಣಿಕೆ. ಆ ನಾಳೆ ಬರಲಿಲ್ಲ. ನೆಹರೂ ಮೊದಲಾದವರ ಅಪೂರ್ವ ಚಿತ್ರಗಳನ್ನು ತೆಗೆದ ಆಕೆಯ ಮನಸ್ಸನ್ನು ಕೊರೆಯುತ್ತಿದ್ದುದು, ತೆಗೆಯದೆ ಹೋದ ಆ ದಿನದ ಚಿತ್ರ.

ಈ ಎರಡು ಉದಾಹರಣೆಗಳಿಂದ ನಮ್ಮ ಪ್ರಶ್ನೆಗೊಂದು ಅಳತೆಗೋಲು ದೊರೆಯುತ್ತದೆ. ಪಟ ಅಂದವಾಗಿದೆಯೇ ಎಂದು ಕೇಳುವ ಮೊದಲು, ಈ ಕೂಟವು ಮತ್ತೊಮ್ಮೆ ಕೂಡೀತೇ ಎಂದು ಕೇಳಬೇಕು. ಮಕ್ಕಳು ನಾಳೆಯೂ ಜೊತೆಯಲ್ಲಿರುವವರಾದರೆ ಕೆಟ್ಟ ಪಟವನ್ನು ಅಳಿಸಿ ಬೇರೊಂದನ್ನು ತೆಗೆಯಬಹುದು. ಒಂದೇ ಬಗೆಯವು ಐದಿದ್ದರೆ ನಾಲ್ಕನ್ನು ಬಿಡಬಹುದು. ಆದರೆ ಎಪ್ಪತ್ತೈದು ದಾಟಿದ ತಾಯಿ, ರಜೆ ಸಿಕ್ಕದ ತಮ್ಮ, ಮದುವೆಯಾಗಿ ಹೋಗಲಿರುವ ತಂಗಿ ಒಂದೇ ಸಾಲಿನಲ್ಲಿ ನಿಂತ ಪಟವನ್ನು ರೆಪ್ಪೆಯೊಂದರ ಕಾರಣಕ್ಕೆ ಅಳಿಸುವುದು ದುಡುಕು.

ತಿದ್ದಬಹುದೇ?

ಈಗ ಯಂತ್ರವೇ ಕಣ್ಣು ತೆರೆಸುತ್ತದೆಯಲ್ಲವೇ ಎಂದು ಕೆಲವರು ಕೇಳಬಹುದು. ನಿಜ. 2023ರಲ್ಲಿ ಗೂಗಲ್ ಕಂಪೆನಿಯು ತನ್ನ ಪಿಕ್ಸೆಲ್ 8 ಫೋನಿನಲ್ಲಿ, ಒಂದರ ಹಿಂದೊಂದರಂತೆ ತೆಗೆದ ಚಿತ್ರಗಳಿಂದ ಒಬ್ಬೊಬ್ಬರ ಒಳ್ಳೆಯ ಮುಖವನ್ನು ಆರಿಸಿ ಒಂದೇ ಪಟದಲ್ಲಿ ಕೂಡಿಸುವ ಸೌಕರ್ಯವನ್ನು ತಂದಿತು. ಊರಿಗೆ ಕಳುಹಿಸಲು, ಗೋಡೆಗೆ ತೂಗುಹಾಕಲು ಹಾಗೆ ಮಾಡಿದರೆ ದೋಷವಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಹಾಗೆ ನಕ್ಕ ಕ್ಷಣವು ನಡೆದೇ ಇರಲಿಲ್ಲ ಎಂಬುದನ್ನು ಮರೆಯಬಾರದು. ತಿದ್ದಿದ ಪ್ರತಿಯ ಜೊತೆಗೆ ಮೂಲವನ್ನೂ ಇಟ್ಟುಕೊಳ್ಳುವುದು ಲೇಸು. ಕಿರಿಯವನ ಮುಖದ ಆಯಾಸವನ್ನು ಅಳಿಸಿದರೆ, ಅವನು ರಾತ್ರಿಯೆಲ್ಲ ದುಡಿದು ಅಣ್ಣನ ಮನೆಯ ಶುಭಕ್ಕೆ ಓಡಿಬಂದನೆಂಬುದೂ ಅದರೊಡನೆ ಅಳಿಯುತ್ತದೆ.

ಇಷ್ಟರಿಂದ ಸೊಸೆಯ ಮಾತನ್ನು ತಳ್ಳಿಹಾಕಿದಂತಾಗಲಿಲ್ಲ. ಪಟದಲ್ಲಿರುವವರ ಮಾನವೂ ದೊಡ್ಡದು. ಸೆರಗು ಜಾರಿದ, ತುತ್ತು ಬಾಯಲ್ಲಿರುವ, ದುಃಖದಲ್ಲಿರುವ ಪಟವನ್ನು ಆಯಾ ವ್ಯಕ್ತಿಯೇ ಬೇಡವೆಂದರೆ ಅಳಿಸಬೇಕು. ಇಲ್ಲಿಯೂ ತಾಯಿಯನ್ನೇ ಕೇಳುವುದು ಉಚಿತ. “ಗೋಡೆಗೆ ಹಾಕಬೇಡಿ” ಎಂದು ಆಕೆ ಹೇಳಿದರೆ ಪೆಟ್ಟಿಗೆಯಲ್ಲಿರಲಿ. ತೂಗುಹಾಕುವುದು ಬೇರೆ, ಕಾಪಾಡುವುದು ಬೇರೆ.

ಕಾಪಾಡುವುದಾದರೆ ಸರಿಯಾಗಿ ಕಾಪಾಡಬೇಕು. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರವು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲದಂತೆಯೇ ಉಳಿಯುತ್ತದೆ. ಫೋನು ಕಳೆದುಹೋಗಬಹುದು, ಆದುದರಿಂದ ಮತ್ತೊಂದೆಡೆಯಲ್ಲಿಯೂ ಪ್ರತಿಯಿರಲಿ. ಕಾಗದದ ಮೇಲೆ ಅಚ್ಚು ಹಾಕಿಸಿದರೆ ಬೆನ್ನಿಗೆ ಮೆದು ಪೆನ್ಸಿಲಿನಿಂದ ಹೆಸರು, ಸ್ಥಳ, ತಾರೀಖು ಬರೆದಿಡಬೇಕು. 2019ರ ಜುಲೈ ಕೊನೆಯಲ್ಲಿಯೂ 2024ರ ಆಗಸ್ಟಿನಲ್ಲಿಯೂ ಬಡೋದೆಯ ಮನೆಗಳಿಗೆ ನೆರೆ ನುಗ್ಗಿತು. ಪಟದ ಪೆಟ್ಟಿಗೆಯು ಕಪಾಟಿನ ಮೇಲಿನ ಅರೆಯಲ್ಲಿರುವುದು ಕ್ಷೇಮ.

ಮೂವತ್ತು ವರ್ಷಗಳ ನಂತರ ಆ ಪೆಟ್ಟಿಗೆಯನ್ನು ತೆರೆಯುವ ಮೊಮ್ಮಕ್ಕಳು ಅಜ್ಜಿಯ ಕಣ್ಣು ಮುಚ್ಚಿದ್ದುದನ್ನು ಕಂಡು ನಗಬಹುದು. ಅಜ್ಜಿಯು ಅಷ್ಟು ದೂರದಿಂದ ಫತೇಗಂಜಿಗೆ ಬಂದಿದ್ದರು, ಅಂದು ಎಲ್ಲರೂ ಇದ್ದರು ಎಂಬುದೂ ಅವರಿಗೆ ಆ ಪಟದಿಂದಲೇ ತಿಳಿಯುವುದು.