ಥೆಲ್ಮಾ ರಿಟರ್ ಎಂಬ ಪೋಷಕ ನಟಿ

ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ನೋಡಿದವರಿಗೆ ಗ್ರೇಸ್ ಕೆಲ್ಲಿಯ ಉಡುಪುಗಳು, ಜೇಮ್ಸ್ ಸ್ಟೀವರ್ಟ್‌ನ ಪ್ಲಾಸ್ಟರ್ ಹಾಕಿದ ಕಾಲು ನೆನಪಿರುತ್ತವೆ. ಅವನಿಗೆ ಮಾಲೀಸು ಮಾಡಲು ಬರುವ ನರ್ಸ್ ಸ್ಟೆಲ್ಲಾ ನೆನಪಿದ್ದಾಳೆಯೇ? ಎದುರುಮನೆಯಲ್ಲಿ ಕೊಲೆಯಾಗಿರಬೇಕೆಂಬ ಗುಮಾನಿ. ಅವನು ಬೆಳಗಿನ ತಿಂಡಿಗೆ ಕೈಹಾಕಿದಾಗಲೇ, ಹೆಣವನ್ನು ಎಲ್ಲಿಟ್ಟು ಕತ್ತರಿಸಿರಬಹುದು ಎಂದು ಇವಳು ಲೋಕಾಭಿರಾಮವಾಗಿ ಮಾತು ತೆಗೆಯುತ್ತಾಳೆ. ಅವನಿಗೆ ತುತ್ತು ಇಳಿಯುವುದಿಲ್ಲ, ನಮಗೆ ನಗು ತಡೆಯುವುದಿಲ್ಲ. ಆ ಸ್ಟೆಲ್ಲಾ ಆದವರು ಥೆಲ್ಮಾ ರಿಟರ್.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈಕೆ ನಾಟಕ, ರೇಡಿಯೊ ಎಂದು ದುಡಿದು ಸಿನಿಮಾಕ್ಕೆ ಬರುವಾಗ ವಯಸ್ಸು 45ರ ಹತ್ತಿರ. ‘ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’ನಲ್ಲಿ (1947) ಮಗನಿಗೆ ಆಟಿಕೆ ಹುಡುಕಿ ಕಾಲು ಸೋತ ತಾಯಿಯ ಪುಟ್ಟ ಪಾತ್ರ. ತೆರೆಯ ಮೇಲೆ ಹೆಸರೂ ಬರಲಿಲ್ಲ.

ಆಮೇಲೆ ಬಂದದ್ದೂ ಹೆಚ್ಚಾಗಿ ಕೆಲಸದವರ ಪಾತ್ರಗಳೇ. ಅದೇ ಒರಟು ದನಿ, ಅದೇ ಬ್ರೂಕ್ಲಿನ್ ಉಚ್ಚಾರ. ಆದರೂ ಒಬ್ಬಳಂತೆ ಇನ್ನೊಬ್ಬಳಿಲ್ಲ. ‘ಆಲ್ ಅಬೌಟ್ ಈವ್’ನ (1950) ಬರ್ಡಿ, ಈವ್‌ಳ ನಯವಿನಯದ ಹಿಂದಿನ ಮಸಲತ್ತನ್ನು ಎಲ್ಲರಿಗಿಂತ ಮೊದಲೇ ಮೂಸಿ ನೋಡಿದವಳು. ಚಿತ್ರ ಅರ್ಧ ದಾಟಿದ ಮೇಲೆ ಅವಳನ್ನು ಕಥೆಯಿಂದಲೇ ಕೈಬಿಟ್ಟದ್ದು ನನಗಿನ್ನೂ ಬೇಸರ. ‘ದಿ ಮೇಟಿಂಗ್ ಸೀಸನ್’ನಲ್ಲಿ (1951) ಮಗನ ಮನೆಗೆ ಬಂದ ತಾಯಿಯನ್ನು ಸೊಸೆ ಅಡುಗೆಯವಳೆಂದುಕೊಳ್ಳುತ್ತಾಳೆ, ತಾಯಿ ತಿದ್ದದೆ ಕೆಲಸಕ್ಕೇ ನಿಲ್ಲುತ್ತಾಳೆ. ಟಿವಿಯ ಅತ್ತೆ-ಸೊಸೆ ಜಗಳ ನೋಡಿ ದಣಿದವರಿಗೆ ಇದು ಬೇರೆಯೇ ರುಚಿ. ಇಡೀ ಕಥೆಯನ್ನು ಹೊತ್ತವರು ಆಕೆ, ಆದರೆ ಆಸ್ಕರ್ ಪಟ್ಟಿಯಲ್ಲಿ ಮಾತ್ರ ಪೋಷಕ ನಟಿ! ಹಾಗೆ ನೋಡಿದರೆ ಕನ್ನಡದ ‘ಪೋಷಕ’ ಎಂಬ ಮಾತೇ ಮೇಲು, ಪೋಷಿಸಿದವರು ಯಾರೆಂದಾದರೂ ಹೇಳುತ್ತದೆ.

1950ರಿಂದ 1953ರ ಚಿತ್ರಗಳಿಗೆ ಸತತ ನಾಲ್ಕು ಸಲ, ಮುಂದೆ ‘ಪಿಲ್ಲೋ ಟಾಕ್’ ಮತ್ತು ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ಗೆ, ಒಟ್ಟು ಆರು ನಾಮನಿರ್ದೇಶನ. ಒಂದೂ ಗೆಲ್ಲಲಿಲ್ಲ. ರಂಗಭೂಮಿಯ ಟೋನಿ ಪ್ರಶಸ್ತಿ 1958ರಲ್ಲಿ ಸಿಕ್ಕಿತು, ಅದನ್ನೂ ಗ್ವೆನ್ ವರ್ಡನ್ ಜೊತೆ ಹಂಚಿಕೊಳ್ಳಬೇಕಾಯಿತು.

ಒಂದೇ ಚಿತ್ರಕ್ಕೆ ಬಿಡುವಿದ್ದರೆ ಸ್ಯಾಮ್ಯುಯೆಲ್ ಫುಲ್ಲರ್‌ನ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953) ನೋಡಿ. ಮೋ ಎಂಬ ವಯಸ್ಸಾದ ಹೆಂಗಸು ಬೀದಿಯಲ್ಲಿ ನೆಕ್‌ಟೈ ಮಾರುತ್ತಾಳೆ. ಜೇಬುಗಳ್ಳರ ಸುಳಿವನ್ನು ಪೊಲೀಸರಿಗೆ, ಚೌಕಾಸಿ ಮಾಡಿ, ಮಾರುತ್ತಾಳೆ. ಕಾಸು ಕೂಡಿಡುವುದು ತನ್ನದೇ ಒಂದು ಸಮಾಧಿಗಾಗಿ. ದಿಕ್ಕಿಲ್ಲದ ಹೆಣಗಳ ಜೊತೆ ಹೂಳಿಸಿಕೊಳ್ಳಲು ಅವಳಿಗೆ ಮನಸ್ಸಿಲ್ಲ. ಒಂದು ರಾತ್ರಿ ದಣಿದು ಕೋಣೆಗೆ ಬಂದರೆ ಬಂದೂಕು ಹಿಡಿದವನೊಬ್ಬ ಕಾದಿದ್ದಾನೆ. ಜೇಬುಗಳ್ಳ ಸ್ಕಿಪ್‌ನ ವಿಳಾಸ ಬೇಕು. ಸುಳಿವು ಮಾರಿಯೇ ಬದುಕಿದವಳು ಇದೊಂದನ್ನು ಮಾರುವುದಿಲ್ಲ. ರಿಟರ್ ಇಲ್ಲಿ ಅಳುವುದಿಲ್ಲ, ಬೇಡುವುದಿಲ್ಲ. ಸಾಕಾಗಿಹೋಗಿದೆ ಎಂಬುದನ್ನು ಬರೀ ದನಿಯ ಭಾರದಲ್ಲಿ ಹೇಳುತ್ತಾರೆ. ಕ್ಯಾಮೆರಾ ಅವರ ಮುಖ ಬಿಟ್ಟು ತಿರುಗುತ್ತಿರುವ ಗ್ರಾಮಫೋನಿನತ್ತ ಸರಿಯುತ್ತದೆ. ಗುಂಡಿನ ಸದ್ದು.

ಅವಳ ಪೆಟ್ಟಿಗೆ ಅನಾಥ ಶವಗಳ ಜೊತೆ ದೋಣಿಯಲ್ಲಿ ಹೊರಟಿರುತ್ತದೆ. ಅದನ್ನು ಇಳಿಸಿಕೊಳ್ಳಲು ಬರುವವನು ಸ್ಕಿಪ್.