ಬೆಳಕನ್ನು ಮೀರಿದ ಕಣವುಂಟೇ?

ಹಿಂಜವಾಡಿಯ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ಕೊರಳಲ್ಲಿ ಇತ್ತೀಚೆಗೆ ಹೊಸ ಪದಕವೊಂದು ಕಾಣಿಸಿತು. ಅದರಲ್ಲಿ ‘ಟ್ಯಾಕಿಯಾನ್ ಶಕ್ತಿ’ ತುಂಬಿದೆ, ಮಂಡಿನೋವೂ ರಕ್ತದೊತ್ತಡವೂ ಇಳಿಯುತ್ತವೆ ಎಂದು ಮಾರಿದವರು ಹೇಳಿದ್ದರಂತೆ. ಪದಕದ ಬಗ್ಗೆ ನಮಗೆ ತಕರಾರಿರಲಿಲ್ಲ. ಆದರೆ ರಕ್ತದೊತ್ತಡದ ಮಾತ್ರೆಯನ್ನೇ ನಿಲ್ಲಿಸಿದ್ದೇನೆ ಎಂದು ಅವರು ಹೇಳಿದಾಗ ಸುಮ್ಮನಿರಲಾಗಲಿಲ್ಲ. ಈ ಬರಹ ಹುಟ್ಟಿದ್ದು ಹಾಗೆ.

ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದಂತೆ, ದ್ರವ್ಯರಾಶಿಯುಳ್ಳ ವಸ್ತುವೊಂದು ಈ ವೇಗವನ್ನು ಸಮೀಪಿಸಿದಷ್ಟೂ ಅದನ್ನು ಮುಂದೆ ತಳ್ಳಲು ಬೇಕಾದ ಶಕ್ತಿ ಏರುತ್ತಲೇ ಹೋಗುತ್ತದೆ. ಆ ವೇಗವನ್ನು ಮುಟ್ಟಿಸಲು ಅನಂತ ಶಕ್ತಿ ಬೇಕು. ಆದುದರಿಂದ ಬೆಳಕನ್ನು ಮೀರುವುದು ಅಸಾಧ್ಯವೆಂಬ ಅಭಿಪ್ರಾಯ ಬಲವಾಗಿ ಬೇರೂರಿತ್ತು.

ಕೇರಳದ ಕೊಟ್ಟಾಯಂ ಬಳಿಯ ಪಳ್ಳಂ ಗ್ರಾಮದಲ್ಲಿ ಜನಿಸಿದ ಇ. ಸಿ. ಜಿ. ಸುದರ್ಶನ್ ಅವರು 1962ರಲ್ಲಿ ಬಿಲಾನ್ಯುಕ್ ಮತ್ತು ದೇಶಪಾಂಡೆಯವರೊಡನೆ ಬರೆದ ಪ್ರಬಂಧ ಈ ತೀರ್ಮಾನದಲ್ಲಿದ್ದ ಒಂದು ಬಿರುಕನ್ನು ತೋರಿಸಿತು. ಸಿದ್ಧಾಂತವು ಗಡಿ ದಾಟುವುದನ್ನು ನಿಷೇಧಿಸುತ್ತದೆಯೇ ಹೊರತು ಗಡಿಯ ಆಚೆ ಹುಟ್ಟುವುದನ್ನಲ್ಲ. ಬೆಳಕಿನ ಕಣವನ್ನೂ ಯಾರೂ ತಳ್ಳಿ ಆ ವೇಗಕ್ಕೆ ತಂದಿಲ್ಲ, ಅದು ಹುಟ್ಟುವಾಗಲೇ ಆ ವೇಗದಲ್ಲಿರುತ್ತದೆ. ಹಿಮಾಲಯವನ್ನು ದಾಟಲು ಯಾರಿಂದಲೂ ಆಗದೆಂದು ಅದರ ಉತ್ತರಕ್ಕೆ ಜನರೇ ಇಲ್ಲವೆನ್ನಬಹುದೇ ಎಂಬುದು ಸುದರ್ಶನ್ ಅವರ ವಾದದ ತಿರುಳು. ನಮ್ಮಂತಹವರಿಗೆ ಇದು ಬೇಗ ಅರ್ಥವಾದೀತು: ನಾವು ಗಡಿ ದಾಟಿ ಪುಣೆಗೆ ಬಂದವರು, ನಮ್ಮ ಮಕ್ಕಳೋ ಇಲ್ಲೇ ಹುಟ್ಟಿದವರು.

1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಈ ಊಹಾಕಣಕ್ಕೆ ‘ವೇಗ’ ಎಂಬರ್ಥದ ಗ್ರೀಕ್ ಪದದಿಂದ ಟ್ಯಾಕಿಯಾನ್ ಎಂದು ಹೆಸರಿಟ್ಟರು. ಇದರ ನಡತೆ ವಿಚಿತ್ರ. ವಾಕಡ್ ಸೇತುವೆಯ ಮೇಲೆ ನಮ್ಮ ಕಾರು ವೇಗ ಪಡೆಯಲು ಇಂಧನ ಸುಡಬೇಕು (ದಟ್ಟಣೆ ಬಿಟ್ಟರೆ!). ಟ್ಯಾಕಿಯಾನ್ ಆದರೋ ಶಕ್ತಿ ಕಳೆದುಕೊಂಡಂತೆ ಇನ್ನಷ್ಟು ವೇಗವಾಗಿ ಓಡಬೇಕು. ಅದನ್ನು ಬೆಳಕಿನ ವೇಗಕ್ಕೆ ಇಳಿಸಲು ಅನಂತ ಶಕ್ತಿ ಬೇಕು. ಸಮೀಕರಣ ಸರಿಹೊಂದಬೇಕಾದರೆ ಅದರ ನಿಶ್ಚಲ ದ್ರವ್ಯರಾಶಿಯು ವರ್ಗ ಮಾಡಿದಾಗ ಋಣವಾಗುವ ಸಂಖ್ಯೆಯಾಗಬೇಕು. ಅದು ಎಂದೂ ನಿಶ್ಚಲವಾಗಿ ನಿಲ್ಲದ ಕಾರಣ ಅಂತಹ ದ್ರವ್ಯರಾಶಿಯನ್ನು ತೂಗುವ ಪ್ರಸಂಗವೇ ಬಾರದು.

ನಿಜವಾದ ತೊಡಕು ಕಾಲದ್ದು. ಕೆಲವು ವೀಕ್ಷಕರಿಗೆ ಈ ಕಣ ಹೊರಡುವ ಮೊದಲೇ ತಲಪಿದಂತೆ, ಋಣ ಶಕ್ತಿಯನ್ನು ಹೊತ್ತು ಕಾಲದಲ್ಲಿ ಹಿಂದಕ್ಕೆ ಸಾಗಿದಂತೆ ತೋರುತ್ತದೆ. ಅದನ್ನು ಧನ ಶಕ್ತಿಯೊಡನೆ ಎದುರು ದಿಕ್ಕಿನಲ್ಲಿ ಮುಂದಕ್ಕೆ ಸಾಗುವ ಕಣವೆಂದೇ ಓದಿಕೊಳ್ಳಬೇಕೆಂದು ಸುದರ್ಶನ್ ಮತ್ತು ಸಂಗಡಿಗರು ಸೂಚಿಸಿದರು. ಜಾಣ ಉತ್ತರವೇನೋ ಹೌದು. ಆದರೆ ಇಂತಹ ಕಣಗಳಿಂದ ಸಂದೇಶ ಕಳುಹಿಸಲಾದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದೀತಲ್ಲ ಎಂಬ ಆಕ್ಷೇಪ ಇದರಿಂದ ಪೂರ್ತಿ ತೀರಿತೆಂದು ನಮಗನ್ನಿಸದು.

ಈ ಕಥೆಗೆ ಪುಣೆಯ ನಂಟೂ ಇದೆ. ನಮ್ಮಲ್ಲಿಂದ ಔಂಧ್ ದಾಟಿದರೆ ಸಿಗುವ ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ ‘ಆಯುಕಾ’ ಖಗೋಳ ಕೇಂದ್ರವನ್ನು ಸ್ಥಾಪಿಸಿದ ಜಯಂತ ನಾರಳೀಕರರು, ಅದಕ್ಕೂ ಮುನ್ನ 1976ರಲ್ಲಿ ಸುದರ್ಶನ್ ಅವರೊಡನೆ ಹಿಗ್ಗುತ್ತಿರುವ ವಿಶ್ವದಲ್ಲಿ ಟ್ಯಾಕಿಯಾನ್‌ಗಳ ಗತಿಯೇನೆಂದು ಲೆಕ್ಕಹಾಕಿ ಪ್ರಬಂಧ ಬರೆದಿದ್ದರು. ಸುದರ್ಶನ್ 2018ರಲ್ಲಿ, ನಾರಳೀಕರರು 2025ರಲ್ಲಿ ಪುಣೆಯಲ್ಲೇ ತೀರಿಕೊಂಡರು.

ಇಷ್ಟಾಗಿ ಕಣ ಸಿಕ್ಕಿತೇ? ಇಲ್ಲ. 2011ರ ಸೆಪ್ಟೆಂಬರಿನಲ್ಲಿ ಜಿನೀವಾ ಬಳಿಯ ಸೆರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ, ಸುಮಾರು 730 ಕಿಲೋಮೀಟರ್ ದೂರ, ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ತಲಪಿದವೆಂದು ‘ಒಪೆರಾ’ ಪ್ರಯೋಗದವರು ಪ್ರಕಟಿಸಿದರು. ಲೋಕವೆಲ್ಲ ಬೆರಗಾಯಿತು. ಅವರೇ ಮತ್ತೆ ತಡಕಾಡಿದಾಗ ಒಂದು ದ್ಯುತಿತಂತುವಿನ ಕೇಬಲ್ ಸರಿಯಾಗಿ ಕೂತಿರಲಿಲ್ಲವೆಂದು ತಿಳಿಯಿತು. 2012ರಲ್ಲಿ ಲೆಕ್ಕ ತಿದ್ದಲಾಯಿತು. ನ್ಯೂಟ್ರಿನೋ ಬೆಳಕನ್ನು ಮೀರಿರಲಿಲ್ಲ.

ಅಷ್ಟು ದೊಡ್ಡ ಯಂತ್ರಗಳಿಗೂ ಸಿಗದ ಕಣವನ್ನು ಪದಕದೊಳಗೆ ತುಂಬಿದವರಾರು ಎಂದು ನಾವು ಹಿರಿಯರನ್ನು ಕೇಳಿದೆವು. ಅವರು ನಕ್ಕರು. ಮಾತ್ರೆ ಮತ್ತೆ ಆರಂಭವಾಗಿದೆ. ಪದಕವನ್ನು ಮಾತ್ರ ತೆಗೆದಿಲ್ಲ. ಅಳಿಯ ಕೊಡಿಸಿದ್ದು, ಬೇಸರ ಮಾಡಿಕೊಂಡಾನು ಎನ್ನುತ್ತಾರೆ.